ನಾಗಪುರದ ಕನ್ನಡ ಗ್ರೂಪಿನಲ್ಲಿ ನನ್ನ ಅಡ್ಮಿನ್‌ಗಿರಿ

ನಾಲ್ಕು ಜನ ಕನ್ನಡಿಗರು ಎದುರುಬದುರು ಕೂತರೆ ಚಹಾ ಕುಡಿದು, ನಕ್ಕು, ಎದ್ದು ಹೋಗುತ್ತಾರೆ. ಅದೇ ನಾಲ್ಕು ಜನ ಫೋನಿನೊಳಗೆ ಸೇರಿದರೆ ಐದು ಪಕ್ಷ ಆಗುತ್ತವೆ. ನಾಗಪುರದ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗ್ರೂಪಿಗೆ ನಾನು ಅಡ್ಮಿನ್ ಆಗಿ ಆರು ವರ್ಷವಾಯಿತು. ಇಂಥದ್ದೇನಾದರೂ ಒಂದು ನಡೆಯದ ವಾರವನ್ನು ನಾನು ಕಂಡಿಲ್ಲ.

ನಾನು ಗದಗದ ಕಡೆಯವಳು, ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆಯವರ ಕೇಂದ್ರ ಸರಕಾರಿ ನೌಕರಿ ನಮ್ಮನ್ನು ನಾಗಪುರದ ಪ್ರತಾಪ ನಗರಕ್ಕೆ ತಂದು ಇಳಿಸಿದಾಗ ಇಲ್ಲಿ ಒಂದು ನರಪಿಳ್ಳೆಯ ಪರಿಚಯವೂ ಇರಲಿಲ್ಲ. ಬಾಡಿಗೆ ಮನೆ, ಮಗಳ ಶಾಲೆ, ಒಳ್ಳೆಯ ಡಾಕ್ಟರು, ಬ್ಯಾಡಗಿ ಮೆಣಸಿನಕಾಯಿ ಎಲ್ಲವನ್ನೂ ಹುಡುಕಿಕೊಟ್ಟವರು ಈ ಬಳಗದವರೇ. ಆ ಉಪಕಾರ ಮರೆಯಲಾಗದ್ದಕ್ಕೇ ಇವರ ಜಗಳಗಳನ್ನು ಇಷ್ಟು ವರ್ಷ ತಾಳಿಕೊಂಡೆ. ಸುಳ್ಳು ಯಾಕೆ ಹೇಳಲಿ, ಈಗೀಗ ಆ ಜಗಳಗಳೂ ಉಪಕಾರದ ಲೆಕ್ಕಕ್ಕೇ ಸೇರಿಬಿಟ್ಟಿವೆ.

ಅಧಿಕಾರ ಸಿಕ್ಕ ಬಗೆ

ನನಗಿಂತ ಮೊದಲು ಅಡ್ಮಿನ್ ಆಗಿದ್ದವರು ರೈಲ್ವೆಯವರು. ಬಿಲಾಸಪುರಕ್ಕೆ ವರ್ಗವಾದಾಗ ಅವರು ಹತ್ತು ಜನರನ್ನು ಅಡ್ಮಿನ್ ಮಾಡಿ, “ಅಧಿಕಾರ ಒಬ್ಬರ ಕೈಯಾಗ ಇರಬಾರದು, ಎಲ್ಲಾರೂ ಕೂಡಿ ನಡಸ್ರಿ” ಎಂದು ಹರಸಿ ಹೊರಟರು. ಹತ್ತರಲ್ಲಿ ನನ್ನ ಹೆಸರೂ ಇತ್ತು. ಯಾಕೆ ಎಂದು ಕೇಳಿದ್ದಕ್ಕೆ, “ಒಬ್ಬ ಹೆಣ್ಣಮಗಳೂ ಇರ್ಲಿ ಅಂತ” ಎಂದಿದ್ದರು.

ಒಂದು ವಾರ ಕಳೆದಿರಲಿಲ್ಲ. ಯುಗಾದಿಗೆ ಎಲ್ಲರೂ ಸೇರುವುದು ಲಕ್ಷ್ಮೀ ನಗರದ ಹಾಲ್‌ನಲ್ಲೋ, ಊರ ಹೊರಗಿನ ತೋಟದಲ್ಲೋ ಎಂಬ ಮಾತು ಬಂತು. ಒಬ್ಬ ಅಡ್ಮಿನ್ ಹಾಲ್ ಅಂದರು. ಇನ್ನೊಬ್ಬರು ತೋಟ ಅಂದರು. ಹಾಲ್‌ನವರು ತೋಟದವರನ್ನು ಗ್ರೂಪಿನಿಂದ ತೆಗೆದರು. ತೋಟದವರ ಗೆಳೆಯರು ಹಾಲ್‌ನವರನ್ನು ತೆಗೆದರು. ಅವರನ್ನು ಮತ್ತೊಬ್ಬರು ತೆಗೆದರು. ನಾನು ಅವತ್ತು ಪರೀಕ್ಷೆಯ ಮೇಲ್ವಿಚಾರಣೆಯಲ್ಲಿದ್ದೆ. ಫೋನನ್ನು ಬಂದ್ ಮಾಡಿ ಸ್ಟಾಫ್ ರೂಮಿನ ಕಪಾಟಿನಲ್ಲಿ ಇಟ್ಟಿದ್ದೆ. ಮೂರು ತಾಸಿನ ಮೇಲೆ ತೆರೆದು ನೋಡಿದರೆ ಒಬ್ಬರನ್ನೊಬ್ಬರು ತೆಗೆದುಹಾಕಿದ ಸಾಲುಗಳೇ ಸಾಲು. ಒಂಬತ್ತನೆಯವರು, ಜಗಳಕ್ಕೆ ಯಾರೂ ಉಳಿಯದೆ ಬೇಸರವಾಗಿ, ತಾವೇ ಹೊರಗೆ ಹೋಗಿದ್ದರು.

ಒಂಬತ್ತೂ ಜನರನ್ನು ಮತ್ತೆ ಸೇರಿಸಿಕೊಂಡೆ, ಅಡ್ಮಿನ್ ಮಾತ್ರ ಮಾಡಲಿಲ್ಲ. ಸಂಜೆ ಬಿಲಾಸಪುರದಿಂದ ಫೋನ್ ಬಂತು.

“ಮೇಡಂ, ಒಂಬತ್ತು ಮಂದೀನ ಹೆಂಗ ಗೆದ್ರಿ?”

“ನಾ ಏನೂ ಮಾಡಿಲ್ರಿ. ನನ್ನ ಫೋನ್ ಬಂದ್ ಇತ್ತು.”

“ಬರೋಬರ್ ಐತಿ. ಅಡ್ಮಿನ್ ಆಗೋರಿಗೆ ಅದೊಂದ ಗುಣ ಸಾಕ್ರಿ” ಎಂದರು.

ನಡುವಿನ ಹೆಜ್ಜೆಗಳು

ನಮ್ಮಲ್ಲಿ ಮೈಸೂರಿನ ಕಡೆಯ ಬ್ಯಾಂಕ್ ಮ್ಯಾನೇಜರ್ ಒಬ್ಬರಿದ್ದಾರೆ. ಬೆಳಗಾವಿ ಕಡೆಯ, ಮದ್ದುಗುಂಡು ತಯಾರಿಸುವ ಆರ್ಡ್‌ನೆನ್ಸ್ ಫ್ಯಾಕ್ಟರಿಯ ನೌಕರರೊಬ್ಬರಿದ್ದಾರೆ. ಇಬ್ಬರೂ ಚಿನ್ನದಂಥ ಮನುಷ್ಯರು, ಬೇರೆ ಬೇರೆ ಇದ್ದಾಗ.

ಒಂದು ದಿನ ಮ್ಯಾನೇಜರ್ ಬರೆದರು: “ದಯವಿಟ್ಟು ಎಲ್ಲರೂ ಶುದ್ದ ಕನ್ನಡ ಬಳಸಿ.” ಶುದ್ಧದ ಧಕಾರಕ್ಕೆ ಮಹಾಪ್ರಾಣ ಬಿಟ್ಟುಹೋಗಿತ್ತು. ಫ್ಯಾಕ್ಟರಿಯವರು ಕಾದೇ ಇದ್ದರೇನೋ. “ಸಾಹೇಬ್ರ, ಮೊದಲ ನಿಮ್ಮ ಶುದ್ಧಕ್ಕ ಪ್ರಾಣ ಕೊಡ್ರಿ, ಪಾಪ ಸತ್ತು ಬಿದ್ದೈತಿ” ಎಂದು ಬರೆದರು. ಮ್ಯಾನೇಜರ್, “ಈ ‘ಐತಿ’ ಯಾವ ನಿಘಂಟಿನಲ್ಲಿದೆ?” ಎಂದರು. ಅಷ್ಟೇ. ತುಂಗಭದ್ರೆಯ ಆಚೆಯವರು ಒಂದು ಕಡೆ, ಈಚೆಯವರು ಒಂದು ಕಡೆ ನಿಂತರು. ಮಾತು ವ್ಯಾಕರಣ ದಾಟಿ ಅಪ್ಪ-ಅಜ್ಜನ ತನಕ ಹೋಯಿತು.

ನಾನು ಒಂದು ನಿಯಮ ಹಾಕಿದೆ. ಸಿಟ್ಟಿನ ಉತ್ತರ ಬರೆದವರು ಕಳಿಸುವ ಮೊದಲು ಅದನ್ನು ಮನೆಯಲ್ಲಿ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಆಮೇಲೂ ಕಳಿಸಬೇಕೆನಿಸಿದರೆ ಕಳಿಸಲಿ.

ಮರುದಿನ ಫ್ಯಾಕ್ಟರಿಯವರ ಫೋನ್. “ಮೇಡಂ, ಹೆಂಡ್ತಿ ಮಕ್ಕಳು ಬೆಳಗಾವ್ಯಾಗ ಅದಾರ. ನಾ ಇಲ್ಲೆ ಕ್ವಾರ್ಟರ್ಸ್‌ನ್ಯಾಗ ಒಬ್ನ. ಯಾರಿಗೆ ಓದಿ ಹೇಳ್ಲಿ?”

“ನನಗ ಓದ್ರಿ” ಅಂದೆ.

ಓದಿದರು. ಎರಡೇ ಸಾಲು. ಮೊದಲ ಸಾಲಿನಲ್ಲಿ ಮ್ಯಾನೇಜರ್ ಹೆಸರು, ಎರಡನೆಯದರಲ್ಲಿ ಅವರು ಮೂರ್ಖರು ಎಂಬ ತೀರ್ಮಾನ. ನನಗೆ ಮಾಸ್ತರಿಕೆಯ ಚಟ ನೋಡಿ, ಸುಮ್ಮನಿರಲಾಗಲಿಲ್ಲ. “ನೇರ ಉತ್ತರ ಬರದೀರಲ್ಲ, ನಡುವಿನ ಹೆಜ್ಜಿ ಎಲ್ಲದಾವ? ಹೆಜ್ಜಿ ಇಲ್ಲದ ಉತ್ತರಕ್ಕ ನಾ ಮಾರ್ಕ್ಸ್ ಕೊಡೂದಿಲ್ಲ” ಅಂದೆ.

“ತಡೀರಿ, ಬರೀತೀನಿ” ಎಂದು ಫೋನಿಟ್ಟರು. ಅರ್ಧ ತಾಸಿನ ಮೇಲೆ ಮತ್ತೆ ಫೋನ್. ಈ ಸಲ ನಗುತ್ತಿದ್ದರು. “ಮೂರು ಸಲ ಬರದ್ನಿರಿ. ಹೆಜ್ಜಿ ಹಾಕ್ಕೋತ ಹ್ವಾದ್ರ ಮೂರ್ಖ ಅಂತ ಉತ್ತರ ಬರವಲ್ದು. ಕಳಸೂದ್ ಬ್ಯಾಡ ಬಿಡ್ರಿ.”

ಆ ಕಡೆ ಮ್ಯಾನೇಜರ್ ಕೂಡ ಸುಮ್ಮನಾಗಿದ್ದರು. ನಿಯಮ ಇಷ್ಟು ಚೆನ್ನಾಗಿ ಕೆಲಸ ಮಾಡಿತಲ್ಲ ಎಂದು ಹಿಗ್ಗಿ ಅವರಿಗೆ ಧನ್ಯವಾದ ಹೇಳಲು ಫೋನ್ ಮಾಡಿದೆ. ಅವರು ಮೆಲ್ಲನೆ ಹೇಳಿದರು: “ನನ್ನ ಮಿಸೆಸ್‌ಗೆ ಓದಿ ಹೇಳಿದೆ ಮೇಡಂ. ಪೂರ್ತಿ ಕೇಳಿ, ‘ಅವರು ಹೇಳಿದ್ದೇ ಸರಿಯಾಗಿದೆಯಲ್ರೀ’ ಅಂದ್ಲು. ಗ್ರೂಪಿನ ಜಗಳ ಆಮೇಲೆ ನೋಡ್ಕೋತೀನಿ, ಮೊದಲು ಇಲ್ಲಿಂದು ಮುಗೀಲಿ.”

ಹೊರಗೆ ಹೋದವರು

ನಿವೃತ್ತ ಉಪನ್ಯಾಸಕರೊಬ್ಬರು ದಿನಾ ಬೆಳಗ್ಗೆ ಆರಕ್ಕೆ ಒಂದು ಆರೋಗ್ಯದ ಸಲಹೆ ಹಾಕುತ್ತಿದ್ದರು. ಹಾಗಲಕಾಯಿಯಿಂದ ಹೃದಯ, ಬೇವಿನಿಂದ ಮಂಡಿ, ಹೀಗೆ. ಒಂದು ದಿನ, ಇಲ್ಲಿನ ಸಂತ್ರಾ ಕಿತ್ತಳೆಯ ಸಿಪ್ಪೆಯ ಕಷಾಯ ಕುಡಿದರೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದು ಎಂದು ಹಾಕಿದರು. ಗ್ರೂಪಿನಲ್ಲಿದ್ದ ಲೇಡಿ ಡಾಕ್ಟರು ತಡೆಯಲಾರದೆ, “ಸರ್, ಯಾರೂ ಮಾತ್ರೆ ಬಿಡಬೇಡಿ. ಇದಕ್ಕೆ ಆಧಾರ ಏನು?” ಎಂದು ಕೇಳಿದರು. ನಾನೂ ಅವರ ಪರವಾಗಿ, ಆಧಾರವಿಲ್ಲದ ಔಷಧದ ಮಾತು ಬೇಡ ಎಂದು ವಿನಯದಿಂದಲೇ ಬರೆದೆ.

ಐದು ನಿಮಿಷಕ್ಕೆ ಉಪನ್ಯಾಸಕರ ಫೋನ್. “ಮೂವತ್ತು ವರ್ಷ ಪಾಠ ಮಾಡಿದ್ದೇನಮ್ಮ. ಒಬ್ಬ ವಿದ್ಯಾರ್ಥಿಯೂ ಆಧಾರ ಕೇಳಿರಲಿಲ್ಲ. ಇಂಥ ಗ್ರೂಪಿನಲ್ಲಿ ನಾನಿರಲಾರೆ.” ಸ್ವಲ್ಪ ತಡೆದು, “ಹೊರಗೆ ಹೋಗೋದು ಹೇಗೆ, ಸ್ವಲ್ಪ ಹೇಳಿಕೊಡಮ್ಮ” ಎಂದರು.

ಬೇಡಿ ಸರ್ ಎಂದರೂ ಕೇಳಲಿಲ್ಲ. “ಮ್ಯಾಲೆ ಗ್ರೂಪಿನ ಹೆಸರೈತಲ್ರಿ, ಅದನ್ನ ಒತ್ರಿ” ಎಂದೆ. ಮುಂದಿನದನ್ನು ಹೇಳುವುದರೊಳಗೆ, “ಗೊತ್ತಾಯಿತು, ಗೊತ್ತಾಯಿತು” ಎಂದು ಫೋನಿಟ್ಟರು. ವಿದಾಯದ ಮಾತು ಬರೆಯಲು ಅಲ್ಲಿ ಒಂದು ಜಾಗ ಸಿಕ್ಕಿತೆಂದು ಕಾಣುತ್ತದೆ. ಬರೆದರು. ಅವರು ಹೊರಗೆ ಹೋಗಲಿಲ್ಲ. ನಮ್ಮ ಗ್ರೂಪಿನ ಹೆಸರು ಬದಲಾಯಿತು: “ಇಂಥ ಅವಮಾನ ಸಹಿಸಿ ಇರಲಾರೆ, ನಮಸ್ಕಾರ.”

ನಾನು ಶಾಲೆಯಲ್ಲಿ ಸಾಲಾಗಿ ಐದು ತರಗತಿ ಮುಗಿಸಿ ಬರುವ ತನಕ ಅದೇ ಹೆಸರು ಉಳಿಯಿತು. ಅಷ್ಟರಲ್ಲಿ ಯಾರೋ ಕಿಡಿಗೇಡಿ, ಡಾಕ್ಟರ ಮಗಳ ಹುಟ್ಟುಹಬ್ಬಕ್ಕೆ, “‘ಇಂಥ ಅವಮಾನ ಸಹಿಸಿ ಇರಲಾರೆ’ ಬಳಗದ ಪರವಾಗಿ ಶುಭಾಶಯಗಳು” ಎಂದು ಬರೆದಿದ್ದ. ಕೆಳಗೆ ನಲವತ್ತು ಜನರ ಶುಭಾಶಯ.

ಮಧ್ಯಾಹ್ನ ಉಪನ್ಯಾಸಕರು ಮತ್ತೆ ಫೋನ್ ಮಾಡಿದರು. ದನಿ ಮೆತ್ತಗಾಗಿತ್ತು. “ನಾನು ಬೆಳಗ್ಗೆಯೇ ಹೊರಗೆ ಹೋದೆನಮ್ಮ. ಆದರೂ ಎಲ್ಲರ ಮೆಸೇಜೂ ನನಗೆ ಬರುತ್ತಲೇ ಇದೆ. ಹೋದವನನ್ನೂ ಬಿಡುವುದಿಲ್ಲವಲ್ಲ, ಎಂಥ ಪ್ರೀತಿಯಪ್ಪ ನಿಮ್ಮದು!”

ನಿಜ ಹೇಳುವ ಧೈರ್ಯವಾಗಲಿಲ್ಲ. “ಹೌದ್ರಿ ಸರ್, ಎಲ್ಲಾರೂ ಕಾಯಾಕತ್ತಾರ, ವಾಪಸ್ ಬರ್ರಿ” ಎಂದೆ.

“ಹಾಗಾದರೆ ಸರಿ, ಬಂದೆ” ಎಂದರು. ನಾನು ಗ್ರೂಪಿನ ಹಳೇ ಹೆಸರು ಹಾಕಿದೆ. ಎಲ್ಲರೂ ಸ್ವಾಗತ ಕೋರಿದರು. ಎಲ್ಲರಿಗಿಂತ ಮೊದಲು ಕೋರಿದವರು ಆ ಡಾಕ್ಟರು.

ಎಷ್ಟು ಕಿವಿಗೆ?

ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಯಾರಾಗಬೇಕು ಎಂದು ಸಮಿತಿಯ ಇಬ್ಬರು ಹಿರಿಯರಿಗೆ ಜಟಾಪಟಿ. ಎರಡು ದಿನ ನಡೆಯಿತು. ಕೊನೆಗೆ ಒಬ್ಬರು ಸಿಟ್ಟಿನಿಂದ, “ಎಲ್ಲರ ಕಿವಿ ಮೇಲೆ ಹೂವಿಡಲು ಬರಬೇಡಿ!” ಎಂದು ಬರೆದರು. ನಾನು ಫೋನ್ ಹಿಡಿದುಕೊಂಡು, ಇದಕ್ಕೆ ಹೇಗೆ ನೀರು ಹಾಕಲಿ ಎಂದು ಯೋಚಿಸುತ್ತ ಕೂತಿದ್ದೆ.

ಗ್ರೂಪಿನಲ್ಲಿ ಹಲ್ಲಿನ ಡಾಕ್ಟರ್ ಹುಡುಗಿಯೊಬ್ಬಳಿದ್ದಾಳೆ. ಹುಟ್ಟಿ ಬೆಳೆದದ್ದೆಲ್ಲ ಲಕ್ಷ್ಮೀ ನಗರದಲ್ಲೇ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಬಂದದ್ದನ್ನೆಲ್ಲ ಫೋನಿನಲ್ಲೇ ಹಿಂದಿಗೆ ಅನುವಾದ ಮಾಡಿಸಿ ತಿಳಿದುಕೊಳ್ಳುತ್ತಾಳೆ. ಅವಳ ದನಿಯ ಸಂದೇಶ ಬಂತು.

“ಅಂಕಲ್, ಫೂಲ್‌ದು ಟೆನ್ಷನ್ ಬೇಡ. ಮಹಾಲ್ ಬಜಾರ್‌ನಲ್ಲಿ ನಮ್ಮ ಓಳಖೀದು, ಗುರ್ತಿಂದು, ಹೂವಿನ ದುಕಾನ್ ಇದೆ, ಎಕ್‌ದಮ್ ತಾಜಾ ಕೊಡ್ತಾರೆ. ನಾನೇ ತರ್ತೀನಿ. ಬಸ್ ಇಷ್ಟು ಹೇಳಿ, ಎಷ್ಟು ಕಿವಿಗೆ ಬೇಕು?”

ಉತ್ತರ ಬೈದವರೇ ಬರೆದರು: “ಎರಡು ಸಾಕಮ್ಮ. ಒಂದು ನನಗೆ, ಒಂದು ಅವರಿಗೆ.”

ಹುಡುಗಿ ಮಾತಿಗೆ ತಪ್ಪಲಿಲ್ಲ. ಕಾರ್ಯಕ್ರಮದ ದಿನ ಎರಡು ಚೆಂಡುಹೂವು ತಂದಳು. ಹಿರಿಯರಿಬ್ಬರೂ ನಗುತ್ತ ಕಿವಿಗೆ ಸಿಕ್ಕಿಸಿಕೊಂಡು ವೇದಿಕೆ ಹತ್ತಿದರು. ಮುಖ್ಯ ಅತಿಥಿಗಳು ಮರಾಠಿಯವರು. ಇಬ್ಬರನ್ನೂ ನೋಡಿ, ಇದು ಕರ್ನಾಟಕದ ಪದ್ಧತಿಯೇ ಎಂದು ಗೌರವದಿಂದ ಕೇಳಿದರು. ಹಿರಿಯರು ಅವಸರದಲ್ಲಿ ಮರಾಠಿಯಲ್ಲೇ “ಹೋ, ಹೋ”, ಹೌದು ಹೌದು, ಎಂದುಬಿಟ್ಟರು. ಪಾಪ, ಅತಿಥಿಗಳೂ ಹಾರದಿಂದ ಒಂದು ಹೂ ಕಿತ್ತು ಕಿವಿಗೆ ಇಟ್ಟುಕೊಂಡೇ ಮುಕ್ಕಾಲು ತಾಸು ಭಾಷಣ ಮಾಡಿದರು.

ರಕ್ತದ ಗುಣ

ಶುದ್ಧ ಕನ್ನಡದ ಜಗಳ ನಿಂತಿತ್ತು, ಮುನಿಸು ನಿಂತಿರಲಿಲ್ಲ. ಮ್ಯಾನೇಜರ್ ಮತ್ತು ಫ್ಯಾಕ್ಟರಿಯವರು ಒಬ್ಬರನ್ನೊಬ್ಬರು ಬ್ಲಾಕ್ ಮಾಡಿಕೊಂಡು ಕೂತಿದ್ದರು. ಸಮಾರಂಭಗಳಲ್ಲಿ ಒಬ್ಬರು ಊಟದ ಸಾಲಿಗೆ ಬಂದರೆ ಇನ್ನೊಬ್ಬರು ಕೈ ತೊಳೆಯಲು ಹೋಗುತ್ತಿದ್ದರು.

ಮೇ ತಿಂಗಳ ಒಂದು ಬೆಳಗ್ಗೆ ಮ್ಯಾನೇಜರ ಹೆಂಡತಿ ಅಳುತ್ತ ಫೋನ್ ಮಾಡಿದರು. ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿದೆ, ಮಧ್ಯಾಹ್ನವೇ ಆಪರೇಶನ್, ಒ ನೆಗೆಟಿವ್ ರಕ್ತ ಬೇಕು, ಎಲ್ಲೂ ಸಿಗುತ್ತಿಲ್ಲ. ನಾನು ಗ್ರೂಪಿನಲ್ಲಿ ಹಾಕಿದೆ. ಯಾರ ಮನೆಯ ಅಮ್ಮ ಎಂಬುದನ್ನೂ ಬರೆದೆ. ಎರಡೇ ನಿಮಿಷಕ್ಕೆ ಫ್ಯಾಕ್ಟರಿಯವರ ಉತ್ತರ ಬಂತು: “ನಂದು ಅದ ಗ್ರೂಪ್. ಹೊಂಟೀನಿ.”

ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವರು ನಲವತ್ತೈದು ಡಿಗ್ರಿ ಬಿಸಿಲಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು, ಸ್ಕೂಟರ್ ಮೇಲೆ ಬಂದು ಮಂಚದ ಮೇಲೆ ಮಲಗಿ ಆಗಿತ್ತು. ನರ್ಸ್ ಫಾರಂ ತುಂಬುತ್ತಿದ್ದಳು. “ಪೇಶಂಟ್‌ಗೆ ನೀವು ಏನಾಗಬೇಕು?” ಎಂದು ಹಿಂದಿಯಲ್ಲಿ ಕೇಳಿದಳು. ಅವರು ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಮುಖ ನೋಡಿ, “ಇವರ ಜೊತೆ ನನ್ನ ಮಾತು ಬಂದ್ ಇದೆ” ಎಂದರು. ಅವಳು ತಲೆಯಾಡಿಸಿ, “ಅಚ್ಛಾ, ಭಾಯಿ” ಎಂದು ಇವರ ಅಣ್ಣತಮ್ಮನೆಂದೇ ಬರೆದುಕೊಂಡಳು.

ಮ್ಯಾನೇಜರ್ ಒಳಗೆ ಬಂದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಫ್ಯಾಕ್ಟರಿಯವರ ಇನ್ನೊಂದು ಕೈ ಹಿಡಿದುಕೊಂಡರು. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಪರ ಊರಿನಲ್ಲಿ ನಮ್ಮವರು ಅನ್ನಿಸಿಕೊಳ್ಳುವವರು ಇರುವುದು ಎಂಥ ಭಾಗ್ಯವೆಂದು ಅವತ್ತು ತಿಳಿದಷ್ಟು ಎಂದೂ ತಿಳಿದಿರಲಿಲ್ಲ.

ಆಪರೇಶನ್ ಚೆನ್ನಾಗಿ ಆಯಿತು. ಏರಿಸಿದ್ದು ಆ ಬಾಟಲಿಯನ್ನೋ ಬೇರೆಯದನ್ನೋ, ಆಸ್ಪತ್ರೆಯವರೇ ಬಲ್ಲರು. ಅಮ್ಮನಂತೂ ಅದೇ ಎಂದು ನಂಬಿದರು. ಮಗನನ್ನು ಕರೆದು, “ಇನ್ನು ಅವನನ್ನು ಬೈದರೆ ನನ್ನನ್ನು ಬೈದ ಹಾಗೆ, ನೆನಪಿಟ್ಟುಕೋ” ಎಂದರು. ಫ್ಯಾಕ್ಟರಿಯವರು ದಿನಾ ಡ್ಯೂಟಿ ಮುಗಿಸಿ ಬಂದು ಅಮ್ಮನ ಹತ್ತಿರ ಒಂದು ತಾಸು ಹರಟೆ ಹೊಡೆದು ಹೋಗತೊಡಗಿದರು.

ತಿಂಗಳ ಮೇಲೆ ಮ್ಯಾನೇಜರ್ ನನಗೆ ಫೋನ್ ಮಾಡಿದರು. ಗಾಬರಿಯ ದನಿ. “ಮೇಡಂ, ಇವತ್ತು ಬೆಳಗ್ಗೆ ಕಾಫಿ ಕೊಟ್ಟೆ. ಅಮ್ಮ ಒಂದು ಗುಟುಕು ಕುಡಿದು ‘ಭಾಳ ಚಲೋ ಐತಿ’ ಅಂದ್ರು. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದವರು ಮೇಡಂ! ರಕ್ತದಲ್ಲಿ ಇದೂ ಬರತ್ತಾ?”

ಮೂರು ಸೀಟಿ

ಕಳೆದ ವರ್ಷ ಒಂದು ಭಾನುವಾರ. ನೆಂಟರ ಮದುವೆಗೆ ಸೀರೆ ತರಲು ಮಹಾಲ್‌ಗೆ ಹೋಗಿದ್ದೆ. ಅಡಿಗೆಯ ಜವಾಬ್ದಾರಿ ಮನೆಯವರಿಗೆ ಒಪ್ಪಿಸಿದ್ದೆ. ಅಕ್ಕಿ, ಬೇಳೆ ತೊಳೆದು ಕುಕ್ಕರ್‌ನಲ್ಲಿ ಹಾಕಿಟ್ಟಿದ್ದೆ, ಗ್ಯಾಸ್ ಹಚ್ಚುವುದಷ್ಟೇ ಅವರ ಕೆಲಸ. ಅಂಗಡಿಯಿಂದ ಎರಡು ಸಲ ಮೆಸೇಜ್ ಮಾಡಿದೆ. ಎರಡು ಸಲವೂ “ಇನ್ನೂ ಟೈಮ್ ಐತಿ” ಎಂಬ ಉತ್ತರ.

ಅದೇ ಹೊತ್ತಿಗೆ ಗ್ರೂಪಿಗೆ ಬೆಂಕಿ ಬಿದ್ದಿತ್ತು. ಕನ್ನಡ ಬಾರದ ಸೊಸೆಯರನ್ನೂ ಅಳಿಯಂದಿರನ್ನೂ ಬಳಗಕ್ಕೆ ಸೇರಿಸಬೇಕೇ ಬೇಡವೇ ಎಂಬ ವಾದ. “ಕನ್ನಡ ಬಾರದವರಿಗೆ ಕನ್ನಡ ಬಳಗ ಯಾಕೆ?” ಎಂದು ಒಬ್ಬರು. “ನನ್ನ ಸೊಸೆ ಮರಾಠಿಯವಳು, ನಿಮ್ಮ ಮಾತು ನಮ್ಮ ಮನೆಗೆ ಮಾಡಿದ ಅವಮಾನ” ಎಂದು ಇನ್ನೊಬ್ಬರು. ಗಂಡಸರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನಾನು ಒಂದು ಕೈಯಲ್ಲಿ ಸೀರೆಯ ಸೆರಗು, ಒಂದು ಕೈಯಲ್ಲಿ ಫೋನ್ ಹಿಡಿದು, ಗ್ರೂಪ್ ನೋಡುತ್ತ, ಮನೆಯವರ ಮೇಲೆ ಸಿಟ್ಟಾಗುತ್ತ, ಒಂದು ಮೆಸೇಜ್ ಬರೆದು ಕಳಿಸಿದೆ.

“ಸಾಕ್ ಮಾಡ್ರಿ ನಿಮ್ಮ ಮಾತು! ಎಷ್ಟ್ ಹೇಳಿದ್ರೂ ಕೇಳೂದಿಲ್ಲ. ಜಲ್ದಿ ಎದ್ದು ಅಡಿಗಿ ಮನಿಗೆ ಹೋಗಿ ಕುಕ್ಕರ್ ಇಡ್ರಿ. ಮೂರು ಸೀಟಿ ಆಗೂ ತನಕ ಫೋನ್ ಮುಟ್ಟಬ್ಯಾಡ್ರಿ.”

ಫೋನ್ ಚೀಲಕ್ಕೆ ಹಾಕಿ ಸೀರೆ ಆರಿಸಿದೆ. ಅರ್ಧ ತಾಸಿನ ಮೇಲೆ ತೆಗೆದು ನೋಡಿದೆ. ಮನೆಯವರಿಗೆಂದು ಬರೆದ ಆ ಮೆಸೇಜು ಗ್ರೂಪಿನಲ್ಲಿ! ಅದರ ಕೆಳಗೆ ಇಪ್ಪತ್ತೈದು ನಿಮಿಷ ಒಂದು ಅಕ್ಷರವೂ ಇಲ್ಲ. ನೂರೆಂಬತ್ತು ಜನರನ್ನು, ಅದರಲ್ಲೂ ತಂದೆಯ ವಯಸ್ಸಿನವರನ್ನು, ಹೀಗೆ ಗದರಿಸಿಬಿಟ್ಟೆನಲ್ಲ ಎಂದು ಕ್ಷಮೆ ಕೇಳಲು ಟೈಪ್ ಮಾಡತೊಡಗಿದೆ. ಅಷ್ಟರಲ್ಲಿ ಒಂದೊಂದೇ ಬರತೊಡಗಿದವು.

“ಮೇಡಂ, ಮೂರು ಸೀಟಿ ಆಯ್ತು. ಇನ್ನು ಮಾತಾಡಬಹುದಾ?” ಎಂದು ಮ್ಯಾನೇಜರ್.

“ನನ್ನದು ನಾಲ್ಕಾಯಿತು, ಕ್ಷಮೆ ಇರಲಿ” ಎಂದು ಉಪನ್ಯಾಸಕರು.

“ಮೇಡಂ, ನನ್ನ ಕಡೆ ಕುಕ್ಕರ್ ಇಲ್ಲ, ಪಾತೇಲ್ಯಾಗ ಇಟ್ಟೀನಿ. ಸೀಟಿ ಹೆಂಗ ಎಣಿಸ್ಲಿ?” ಎಂದು ಫ್ಯಾಕ್ಟರಿಯವರು.

ಮರಾಠಿ ಸೊಸೆಯ ಮಾವನವರು, ಕುಕ್ಕರ್ ಮುಚ್ಚಳ ಹಾಕಲು ಬಾರದೆ ಅದೇ ಸೊಸೆಯನ್ನು ಕರೆದು ಕೇಳಿದ್ದರಂತೆ. ಅದನ್ನೂ ಬರೆದರು. ಬೇಡ ಎಂದು ವಾದ ಮಾಡುತ್ತಿದ್ದವರು ಅದನ್ನು ಓದಿ, “ನನಗೂ ಬರಲಿಲ್ಲ. ನಿಮ್ಮ ಸೊಸೆಯನ್ನು ಗ್ರೂಪಿಗೆ ಸೇರಿಸಿ ಸ್ವಾಮಿ, ಕೇಳಿಕೊಳ್ಳುತ್ತೇವೆ” ಎಂದರು. ಜಗಳ ಅಲ್ಲಿಗೆ ಮುಗಿಯಿತು. ಅವತ್ತೇ ಹನ್ನೊಂದು ಸೊಸೆಯರು, ನಾಲ್ವರು ಅಳಿಯಂದಿರು ಒಳಗೆ ಬಂದರು.

ಆಟೋದಲ್ಲಿ ಕೂತಾಗಿನಿಂದ ನನಗೆ ಹೆಂಗಸರ ಫೋನೇ ಫೋನು. ಒಬ್ಬರಂತೂ ಅಳುವುದೊಂದು ಬಾಕಿ: “ಮದಿವಿಯಾಗಿ ಇಪ್ಪತ್ತೆರಡು ವರ್ಷಕ್ಕ ಇವತ್ತ ಇವರು ಅಡಿಗಿ ಮನಿಗೆ ಬಂದು, ಬ್ಯಾಳಿ ಡಬ್ಬಿ ಯಾವುದು ಅಂತ ಕೇಳಿದ್ರ್ಯವ್ವಾ. ನಿನ್ನ ಹೊಟ್ಟಿ ತಣ್ಣಗಿರ್ಲಿ!”

ಹೆಮ್ಮೆಯಿಂದ ಬೀಗುತ್ತ, ಹಸಿದು, ಪ್ರತಾಪ ನಗರದ ನಮ್ಮ ಮನೆಯ ಮೆಟ್ಟಿಲು ಹತ್ತಿದೆ. ಮನೆಯವರು ಕೂಲರ್ ಮುಂದೆ ಕಾಲು ಚಾಚಿ ಪೇಪರ್ ಓದುತ್ತಿದ್ದರು. ಅವರು ಆ ಗ್ರೂಪನ್ನು ಮ್ಯೂಟ್ ಮಾಡಿ ವರ್ಷವಾಗಿತ್ತು.

“ಬಂದ್ಯಾ? ಮೂರನೇ ಸಲ ಮೆಸೇಜ್ ಮಾಡ್ತೀ, ಆವಾಗ ಇಟ್ರಾತು ಅಂತ ಕುಂತಿದ್ದೆ. ಮಾಡ್ಲೇ ಇಲ್ಲಲ್ಲ” ಎಂದರು.

ಆ ಮಧ್ಯಾಹ್ನ ನಾಗಪುರದ ಅಷ್ಟೂ ಕನ್ನಡಿಗರ ಮನೆಗಳಲ್ಲಿ ಗಂಡಸರು ಅನ್ನ ಮಾಡಿದ್ದರು. ಅನ್ನ ಆಗದೆ ಉಳಿದದ್ದು ಅಡ್ಮಿನ್ ಮನೆಯಲ್ಲಿ ಮಾತ್ರ.